ಬಾಯಿ ತೆಗಿ, ಅಜ್ಜಾ

ಗದಗ, ಆಷಾಢದ ಹತ್ತನೆಯ ದಿನ, ೨೨೦೪

ನೂರೆಂಬತ್ತು ವರ್ಷ ಹಿಂದೆ ಬದುಕಿರುವವರೇ,

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಒರಟಾಗಿ ಕೇಳಿಸಿದರೆ ಕ್ಷಮಿಸಬೇಕಿಲ್ಲ, ನಾನಿರುವುದೇ ಹಾಗೆ. ಹೆಸರು ಚಂಪವ್ವ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು.

ನಮ್ಮಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಹೊಂದುಗಣ್ಣು ಇದೆ. ಅದರ ಕೆಳಗೆ ಎರಡು ಮಾತ್ರೆ ಇಟ್ಟರೆ, ಒಟ್ಟಿಗೆ ನುಂಗಬಹುದಾದರೆ ಹಸಿರು, ಕೂಡದಿದ್ದರೆ ಕೆಂಪು. ಆದರೆ ನಮ್ಮೂರಿನ ಹಿರಿಯರು ಡಾಕ್ಟರು ಕೊಟ್ಟ ಮಾತ್ರೆಯನ್ನು ಅಲ್ಲಿಡುವುದಿಲ್ಲ. ಬಡಿಸಿದ ಅನ್ನವನ್ನು ಮೂಸಿ ನೋಡಿದ ಹಾಗಂತೆ, ಕೊಟ್ಟವರಿಗೆ ಅವಮಾನವಂತೆ. ಹೀಗಾಗಿ ಕಣ್ಣಿನ ಮೇಲೆ ಟವೆಲ್ ಒಣಗುತ್ತಿರುತ್ತದೆ. ನೋಡಿದರೆ ನನಗೆ ಮೈ ಉರಿಯುತ್ತದೆ.

ನನ್ನ ಅಜ್ಜ ಈರಭದ್ರಪ್ಪ ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನುಂಗುತ್ತಾನೆ. ಮೊನ್ನೆ ಮೊಣಕಾಲು ಊದಿತು. ಮೂಳೆ ಡಾಕ್ಟರು ಮೆಹಜಬೀನ್ ನೋವಿನ ಮಾತ್ರೆ ಕೊಟ್ಟರು. ಅವರ ಮುಂದೆ ಈ ಮಹಾರಾಯ ಹೃದಯದ ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. ಮನೆಗೆ ಬಂದವನೇ ಹೊಸ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡ.

"ಬಾಯಿ ತೆಗಿ, ಅಜ್ಜಾ! ಉಗುಳು!"

"ಏ ಹುಚ್ಚಿ, ಡಾಕ್ಟರಮ್ಮ ಕೊಟ್ಟಿದ್ದನ್ನ ಯಾರರ ಉಗುಳ್ತಾರೇನ?"

"ಉಗುಳ್ದಿದ್ರ ನಾ ಬೆರಳ್ ಹಾಕ್ತೀನಿ ನೋಡು."

ಉಗುಳಿದ. ಟವೆಲ್ ಕಿತ್ತೆಸೆದು ಎರಡೂ ಮಾತ್ರೆಗಳನ್ನು ಕಣ್ಣಿನ ಕೆಳಗಿಟ್ಟೆ. ಕೆಂಪು.

ತಕ್ಷಣ ಮೆಹಜಬೀನರನ್ನು ಗೋಡೆಗೆ ಕರೆದೆ. ನಾವು ಹಾಗೆ ಅನ್ನುತ್ತೇವೆ, ಕರೆದವರ ಮುಖ ಗೋಡೆಯ ಮೇಲೆ ಬರುತ್ತದೆ.

"ಅಜ್ಜಾರ, ಇವೆರಡೂ ಕೂಡಿದ್ರ ಹೊಟ್ಯಾಗ ರಕ್ತ ಸೋರಬಹುದಿತ್ತು. ಬ್ಯಾರೆ ಮಾತ್ರೆ ತಗೋತೀರೇನಂತ ಕೇಳಿದ್ನಲ್ರಿ?"

"ಇನ್ನೊಬ್ಬ ಡಾಕ್ಟರ ಹೆಸರು ಎತ್ತಿದ್ರ ನಿಮಗ ಬ್ಯಾಸರಾದೀತಂತ..."

"ಬ್ಯಾಸರಾಗಾಕ ನಾ ಏನ್ ನಿಮ್ಮ ಬೀಗತಿ ಏನ್ರಿ? ಹಾರ್ಟಿಂದು ಬಿಡಬ್ಯಾಡ್ರಿ. ನೋವಿಗೆ ಬ್ಯಾರೆ ಕೊಡ್ತೀನಿ."

ಅಜ್ಜ ಮದುವಣಿಗನ ಹಾಗೆ ತಲೆ ತಗ್ಗಿಸಿ ಕೂತ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಿಮ್ಮ ಬಳಿ ಹೊಂದುಗಣ್ಣಿಲ್ಲ. ಬಾಯಿ ಇದೆಯಲ್ಲ? ಈಗಾಗಲೇ ಏನು ನುಂಗುತ್ತಿದ್ದೀರಿ ಎಂದು ಡಾಕ್ಟರಿಗೆ ಹೇಳಿ, ಔಷಧಿ ಅಂಗಡಿಯವರಿಗೂ ಹೇಳಿ, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ಯಾರಿಗೂ ಅವಮಾನವಾಗುವುದಿಲ್ಲ. ಆದರೂ ಆಗಲಿ ಬಿಡಿ.

ಅಜ್ಜ ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿಲ್ಲ. ಅವನ ವಂಶದ ಹಿರಿಯರು ನಿಮ್ಮಲ್ಲೇ ಎಲ್ಲೋ ಇದ್ದಾರೆ, ಯಾರೆಂದು ನನಗೆ ಗೊತ್ತಿಲ್ಲ. ಅವರು ಉಳಿದರೇ ಅಜ್ಜ ಹುಟ್ಟುವುದು. ಅದಕ್ಕೇ ಎಲ್ಲರಿಗೂ ಹೇಳುತ್ತಿದ್ದೇನೆ: ಕೇಳಿ ನುಂಗಿ. ನನಗೆ ಈ ಮುದುಕ ಬೇಕು.

ಚಂಪವ್ವ