ಉಜ್ಜದೆ ಬಿಟ್ಟ ನಾಲ್ಕು ಟೈಲ್ಸು

ಚೊಲೂಲಾ,
ಏಪ್ರಿಲ್ 27, 1998

ತಮ್ಮಾ ಅನ್ಸೆಲ್ಮೊ,

ಹೇಗಿದ್ದೀಯೋ? ಮೂರು ವರ್ಷದಿಂದ ಒಂದು ಸಾಲೂ ಬರೆಯದವನು ಈಗ ಎರಡು ಹಾಳೆ ತುಂಬಿಸಿ ಕಳಿಸಿದ್ದಾನಲ್ಲ ಎಂದು ಬೈದುಕೊಳ್ಳಬೇಡ. ಬೈದರೂ ಸರಿ, ಕೊನೆಯವರೆಗೆ ಓದು. ಮೆರಿದಾದ ಸೆಕೆ ನಿನ್ನ ಹೆಂಡತಿಗೆ ಒಗ್ಗಿತೇ? ಇಲ್ಲಿ ನಿನ್ನ ಅತ್ತಿಗೆಯ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಸುದ್ದಿ ಏನೆಂದರೆ, ದೊನ್ಯಾ ಹರ್ಮೆಲಿಂದಾ ಮನೆಯ ಅಡುಗೆಕಟ್ಟೆಯ ಹಳೇ ಟೈಲ್ಸು ಕಿತ್ತು ಹೊಸದು ಕೂರಿಸುತ್ತಿದ್ದೆ. ಹೌದು, ಅದೇ ಮನೆ. ಮಗಳು ಶಿಮೆನಾಳಿಗೆ ಹದಿನೈದು ತುಂಬುತ್ತದೆ, ಮೇ ಹದಿನಾರಕ್ಕೆ ದೊಡ್ಡ ಊಟ. ಅಷ್ಟರೊಳಗೆ ಅಡುಗೆಮನೆ ಹೊಸದಾಗಬೇಕಂತೆ. ನೀನು ಊರು ಬಿಟ್ಟಾಗ ಅವಳು ನಾಲ್ಕು ವರ್ಷದ ಮಗು. ಈಗ ನನಗಿಂತ ಎತ್ತರ. ಎಡಹುಬ್ಬಿನ ಮೇಲಿನ ಗಾಯದ ಗೆರೆ ಮಾತ್ರ ಹೋಗಿಲ್ಲ.

ಮೊದಲ ದಿನವೇ ದೊನ್ಯಾ ಸೊಂಟಕ್ಕೆ ಕೈಯಿಟ್ಟು ನಿಂತರು. “ನೋಡಿ ಮೇಸ್ತ್ರಿ, ಅಂಚಿಗೆ ತುದಿ ದುಂಡಗಿರೋ ಟೈಲ್ಸೇ ಹಾಕ್ಬೇಕು. ನಿಮ್ ತಮ್ಮನ ಥರ ಓರೆ ಕತ್ತರ್ಸಿ ಮೂಲೆ ಕೂಡ್ಸೋ ಶೋಕಿ ಬೇಡ. ಆ ಕಟುಕ ಈ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ!” “ಆಗಲಿ ದೊನ್ಯಾ” ಎಂದೆ. ಹನ್ನೊಂದು ವರ್ಷದಿಂದ ಎಲ್ಲರಿಗೂ ಹಾಗೇ ತಲೆಯಾಡಿಸುತ್ತ ಬಂದಿದ್ದೇನೆ.

ಊರಿಗೆ ಊರೇ ನಿನ್ನನ್ನು ಕಟುಕ ಎಂದಿತು. ಒಂದು ಮನೆಯ ಕೆಲಸವೂ ಸಿಗದೆ ನೀನು ಗಂಟುಮೂಟೆ ಕಟ್ಟಿದೆ. ದೊನ್ಯಾ ಮನೆಯ ಕಟ್ಟೆ ಮುಗಿಸಿದ ಆ ದಿನ ನೆನಪಿದೆಯಾ? ಶಿಲುಬೆ ಹಬ್ಬ, ನಮ್ಮ ಗಾರೆಯವರ ಹಬ್ಬ. ಮಾಳಿಗೆಯ ಮೇಲೆ ಹೂವಿನ ಶಿಲುಬೆ ಏರಿಸಿಯಾಗಿತ್ತು, ಅಂಗಳದಲ್ಲಿ ಕುರಿಮಾಂಸ ಬೆಂದು ಘಮಘಮ ಎನ್ನುತ್ತಿತ್ತು. ನೀನು ಕತ್ತರಿಸಿ ಕೂಡಿಸಿದ್ದ ಅಂಚು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅದರ ಹರಿತ ಹೋಗುವಂತೆ ಸಾಣೆಕಲ್ಲಿನಿಂದ ಉಜ್ಜುವುದು, ಆಮೇಲೆ ಮಣಿಕಟ್ಟಿನ ಒಳಬದಿಯನ್ನು ಅಂಚಿನುದ್ದಕ್ಕೂ ಹಾಯಿಸಿ ನೋಡುವುದು ನನ್ನ ಪಾಲಿನ ಕೆಲಸ. ಅಂಗೈ ಜಡ್ಡುಗಟ್ಟಿರುತ್ತದೆ, ಅದನ್ನು ನಂಬಬೇಡಿ ಎಂದು ಅಪ್ಪ ನಮಗಿಬ್ಬರಿಗೂ ಕಲಿಸಿದ್ದು.

“ಅಣ್ಣಾ, ಮಣಿಕಟ್ಟು ಹಾಯ್ಸಿದ್ಯಾ?” ಎಂದು ನೀನು ಅಂಗಳದಿಂದ ಕೂಗಿದೆ. “ಹ್ಞೂಂ ಕಣೋ, ಆಯ್ತು! ನಂಗೂ ಒಂದಿಷ್ಟು ಮಾಂಸ ಉಳ್ಸಿರು!” ಎಂದೆ. ಆಗಿರಲಿಲ್ಲ ಅನ್ಸೆಲ್ಮೊ. ಒಲೆ ಪಕ್ಕದ ನಾಲ್ಕು ಟೈಲ್ಸನ್ನು ಉಜ್ಜಿಯೇ ಇರಲಿಲ್ಲ. ಊಟ ಮುಗಿಸಿ ಬಂದು ಉಜ್ಜಿದರಾಯಿತು ಎಂದುಕೊಂಡೆ, ಕುಡಿದು ಮರೆತೆ. ಸಂಜೆ ಮಗು ಓಡಿಬಂದು ಹುಬ್ಬು ಸೀಳಿಕೊಂಡಿದ್ದು ಆ ನಾಲ್ಕಕ್ಕೇ. ಓರೆ ಕತ್ತರಿಸಿದ್ದೇ ತಪ್ಪು ಎಂದು ಜನ ನಿನ್ನ ಮೇಲೆ ಬಿದ್ದರು. ನೀನೂ ಅದನ್ನೇ ನಂಬಿದೆ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ನಿನ್ನೆ ಹೊಸ ಅಂಚು ಉಜ್ಜುತ್ತಿದ್ದೆ. ಶಿಮೆನಾ ಜೋಳದ ಗಂಜಿ ತಂದಿಟ್ಟು ಅಲ್ಲೇ ನಿಂತಳು. “ಮೇಸ್ತ್ರಿ, ನಿಮ್ ತಮ್ಮ ಅಷ್ಟೊಂದು ಕೆಟ್ಟೋರಾ?” ಅಂದಳು. ಆ ಹುಬ್ಬನ್ನು ನೋಡುತ್ತ ಸುಳ್ಳು ಹೇಳಲು ಆಗಲಿಲ್ಲ. ಸಾಣೆಕಲ್ಲು ಕೆಳಗಿಟ್ಟೆ. “ಅಲ್ಲ ಮಗಳೇ. ಉಜ್ಜದೇ ಬಿಟ್ಟು ಹೋಗಿದ್ದು ನಾನು,” ಎಂದುಬಿಟ್ಟೆ.

ಹಿಂದೆ ಬಾಗಿಲಲ್ಲಿ ದೊನ್ಯಾ ನಿಂತಿದ್ದರು. “ಥೂ, ನಿನ್ನ! ಇಷ್ಟ್ ವರ್ಷ ನಮ್ಮನೇಲಿ ಉಂಡ್ಯಲ್ಲೋ, ಆ ಅನ್ನ ಹೆಂಗೋ ಇಳೀತು ಗಂಟಲಲ್ಲಿ?” ಎಂದು ಚೀರಿದರು. ಬಕೆಟ್ಟು, ಕರಣೆ, ಕಲ್ಲು ಎಲ್ಲ ಬೀದಿಗೆ ಬಂದು ಬಿದ್ದವು. ಅಕ್ಕಪಕ್ಕದವರು ಏನೇನೆಂದು ಕೇಳಿದರು. ಅವರೆದುರಿಗೂ ಇನ್ನೊಮ್ಮೆ ಹೇಳಿದೆ. ಅಂಚು ಅರ್ಧಕ್ಕೇ ನಿಂತಿದೆ. “ನಿನ್ ತಮ್ಮನ್ನ ಕರ್ಸು, ಅವ್ನೇ ಮುಗಿಸ್ಲಿ. ನೀನು ನನ್ ಹೊಸಿಲು ತುಳಿದ್ರೆ ನೋಡು!” ಎಂದಿದ್ದಾರೆ.

ಬಾರೋ. ಬರದಿದ್ದರೆ ಯಾಕೆಂದು ಕೇಳುವ ಮುಖ ನನಗಿಲ್ಲ. ನಿನ್ನ ಮಕ್ಕಳು ಸುಖವಾಗಿರಲಿ, ಗ್ವಾದಲುಪೆಯ ತಾಯಿ ನಿಮ್ಮನ್ನು ಕಾಯಲಿ. ಈ ಅಣ್ಣನ ಆಶೀರ್ವಾದಕ್ಕೆ ಏನಾದರೂ ಬೆಲೆಯಿದ್ದರೆ ಅದೂ ನಿಮಗೇ ಇರಲಿ.

ಇಂತಿ,
ಎಲಿಗಿಯೊ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ಸಾಯುವ ಹಿಂದಿನ ವಾರ ನನ್ನ ಕೈ ಹಿಡಿದು, “ಅನ್ಸೆಲ್ಮೊನ್ನ ಕರ್ಸೋ. ಆ ಮಗೂಗೆ ಹಾಗಾಗಿದ್ದನ್ನ ನಾನು ಕ್ಷಮಿಸ್ಬಿಟ್ಟಿದೀನಿ ಅಂತ ಅವ್ನಿಗೆ ಹೇಳ್ಬೇಕು,” ಎಂದಳು. ನಾನು ಮಾಡಿದ ತಪ್ಪಿಗೆ ಅವಳು ನನ್ನೆದುರಿಗೇ ನಿನ್ನನ್ನು ಕ್ಷಮಿಸುವುದನ್ನು ನಾನು ಹೇಗೆ ನೋಡಲಿ? ಕಾಗದ ಹಾಕಿದ್ದೇನೆ, ಬರುತ್ತಾನೆ ಎಂದೆ. ಹಾಕಿರಲಿಲ್ಲ. ಅವಳು ಆರು ದಿನ ಬಾಗಿಲ ಕಡೆಗೇ ನೋಡುತ್ತ ಮಲಗಿದ್ದಳು.