ಗಣೇಶನ ಸೀಲಿಂಗು, ನಿನ್ನ ಕಂಬ

ಕೊಳ್ಳೇಗಾಲ
9 ಫೆಬ್ರವರಿ 2025

ಚಿರಂಜೀವಿ ರಮ್ಯಶ್ರೀಗೆ ಅತ್ತೆ ಅನಸೂಯಮ್ಮನ ಆಶೀರ್ವಾದ.

ಇಲ್ಲಿ ನಾವಿಬ್ಬರೂ ಇದ್ದೇವೆ. ಹನೂರಿನಲ್ಲಿ ನೀನೂ ನಿನ್ನ ತಾಯಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ಆದಮೇಲೆ ಈಗ ನೆನಪಾಯಿತೇ ಮುದುಕಿಗೆ ಎಂದು ಬೈದುಕೊಳ್ಳಬೇಡ. ಬೈದರೂ ಸರಿಯೇ. ಮೊದಲೂ ಎರಡು ಸಲ ಬರೆಯಲು ಕೂತಿದ್ದೆ. ಎರಡು ಸಲವೂ ಕೈ ತಾನಾಗಿ 'ಚಿ. ಸೌ.' ಎಂದು ಬರೆಯಿತು. ಸೊಸೆಗೆ ಬರೆಯುವ ಕಾಗದದಲ್ಲಿ 'ಸೌ.' ಹೊಡೆದುಹಾಕಿ ಕಳಿಸುವುದು ಹೇಗೆಂದು ಹರಿದು ಒಲೆಗೆ ಹಾಕಿದೆ. 'ಫೋನ್ ಮಾಡಮ್ಮಿ, ಒಂದ್ ನಿಮ್ಸದ್ ಮಾತು' ಎಂದು ನಿನ್ನ ಮಾವ ಹೇಳುತ್ತಲೇ ಇರುತ್ತಾರೆ. ನಾನು ಈಗ ಫೋನು ಮುಟ್ಟುವುದಿಲ್ಲ. ಯಾರದಾದರೂ ಬಂದರೆ ಅವರೇ ತೆಗೆಯುತ್ತಾರೆ.

ವಿಷಯ ಹೇಳಿಬಿಡುತ್ತೇನೆ. ನಿನ್ನ ಡ್ಯಾನ್ಸಿನ ಕಂಬವನ್ನು ನಿಮ್ಮ ಕೋಣೆಯಲ್ಲಿ ನಿಲ್ಲಿಸಿದ್ದೇವೆ. ನೀನು ಭಾನುವಾರ ಭಾನುವಾರ ಮೈಸೂರಿನ ಬಸ್ಸು ಹತ್ತಿ ಕಂಬ ಹಿಡಿದು ಮೇಲೇರಿ ತಿರುಗುವ ಆ ಡ್ಯಾನ್ಸು ಕಲಿಯಲು ಹೋಗುತ್ತಿದ್ದೆಯಲ್ಲ, ಮನೆಯಲ್ಲೇ ಅಭ್ಯಾಸ ಮಾಡಲಿ ಎಂದು ಗಣೇಶ ತರಿಸಿದ ಆ ಸ್ಟೀಲ್ ಕಂಬ. ಪಾರ್ಸೆಲ್ ಬಂದ ದಿನವೇ ಅವನು ಯಳಂದೂರಿನಲ್ಲಿ ಯಾರದೋ ಹೊಸ ಮನೆಗೆ ಗಾರೆ ಮಾಡುತ್ತಿದ್ದಾಗ ಸಾರುವೆಯಿಂದ ಬಿದ್ದ. ಹನ್ನೊಂದನೇ ದಿನ ನೆಂಟರೆಲ್ಲರ ಎದುರಿಗೆ ನಾನೇನಂದೆ ಎಂದು ನಿನಗೆ ನೆನಪು ಮಾಡಿಕೊಡಬೇಕಿಲ್ಲ. 'ಈ ಕಂಬ ಒಸ್ಲು ದಾಟಿದ್ ದಿನ್ವೇ ನನ್ ಮಗನ್ನ ನುಂಗ್ತು. ಇನ್ ಕುಣ್ಕೊಳವ್ವ' ಅಂದೆ. ನೀನು ಆಗಲೇ ಬ್ಯಾಗು ತುಂಬಿಕೊಂಡು ಹೊರಟುಹೋದೆ. ಅಂದಿನಿಂದ ಆ ಡಬ್ಬ ಮಗ್ಗದ ಹಿಂದೆ ಧೂಳು ಹಿಡಿದು ಬಿದ್ದಿತ್ತು.

ಹೋದ ವಾರ ನಾನೇ ಎಳೆದು ತೆಗೆದೆ. 'ಈಗ್ಯಾಕಮ್ಮಿ ಅದು?' ಎಂದರು ಮಾವ. 'ನಿಲ್ಸಿ' ಎಂದೆ.

ನಿಲ್ಲಿಸುವುದು ಸುಲಭವಾಗಲಿಲ್ಲ. ಆ ಕೋಣೆಯ ಸೀಲಿಂಗು ನಿನಗೆ ಗೊತ್ತು. ನಿಮ್ಮ ಮದುವೆಗೆ ಮುಂಚೆ ಗಣೇಶ ಅಪ್ಪನ ಮಗ್ಗದ ಹಳೆಯ ಹಣಿಗೆ ತೆಗೆದುಕೊಂಡು, ಹಸಿ ಗಾರೆಯ ಮೇಲೆ ತಲೆ ಬಾಚಿದ ಹಾಗೆ ಎಳೆದು, ಉದ್ದಕ್ಕೂ ಅಲೆ ಅಲೆಯಾಗಿ ಗೀರು ಮೂಡಿಸಿದ್ದ. 'ನೂಲ್ ಇಡ್ಯೋ ಅಣಿಗೇಲಿ ಗಾರೆ ಬಾಚ್ತಾನಲ್ಲ, ಇವನ ಮನೆ ಕಾಯ್ವಾಗ!' ಎಂದು ನಿನ್ನ ಮಾವ ಕೂಗಾಡಿದ್ದೂ ಆಗಿತ್ತು. ಊರವರ ಮನೆಗೆಲ್ಲ ಡಿಸೈನ್ ಮಾಡಿಕೊಟ್ಟವನು ತನ್ನ ಮನೆಗೆ ಮಾಡಿದ್ದು ಅದೊಂದೇ. ಅವನ ಕೈ ಆಡಿದ್ದು ಕಣ್ಣಿಗೆ ಕಾಣುವುದು ಈಗ ಅಲ್ಲಿ ಮಾತ್ರ. ಕಂಬ ನಿಲ್ಲಬೇಕು, ಸೀಲಿಂಗಿನ ಒಂದು ಗೀರೂ ಉದುರಬಾರದು ಎಂದು ಮೊದಲೇ ಹೇಳಿದ್ದೆ.

ಗಣೇಶನ ಜೊತೆ ಕೆಲಸಕ್ಕೆ ಹೋಗುತ್ತಿದ್ದ ಪುಟ್ಟಸಿದ್ದಯ್ಯ ಡ್ರಿಲ್ಲಿಂಗ್ ಮೆಷಿನ್ ಹಿಡಿದುಕೊಂಡೇ ಬಂದ. 'ನಾಕು ತೂತ್ ಒಡ್ದು ಬೋಲ್ಟ್ ಬಿಗುದ್ರೆ ಆನೆ ಜಗ್ಗುದ್ರೂ ಅಲ್ಲಾಡಕಿಲ್ಲ ಕಣಕ್ಕ' ಎಂದ. ಮೆಷಿನ್ ಹೊಸ್ತಿಲಾಚೆಗೇ ಇರಲಿ ಎಂದೆ. ಡಬ್ಬದಲ್ಲಿದ್ದ ಚೀಟಿಯ ಚಿತ್ರಗಳನ್ನು ನೋಡಿ ಅವನೇ ಹೇಳಿದ, ತೂತು ಬೇಕಾಗಿಲ್ಲವಂತೆ. ಕಂಬದ ಬುಡದಲ್ಲಿ ಜಾಕಿಯಂಥ ತಿರುಪು ಇದೆ. ತಿರುಗಿಸುತ್ತ ಹೋದರೆ ಕಂಬ ಮೇಲಕ್ಕೂ ಕೆಳಕ್ಕೂ ಒತ್ತಿಕೊಂಡು ನಿಲ್ಲುತ್ತದೆ. ಆದರೆ ಮೇಲಿನ ತಟ್ಟೆ ಊಟದ ತಟ್ಟೆಗಿಂತ ಚಿಕ್ಕದು. ಹಾಗೇ ಒತ್ತಿದರೆ ಗೀರೆಲ್ಲ ಪುಡಿಯಾಗುತ್ತದೆ. ನಡುವೆ ಏನಾದರೂ ಮೆತ್ತಗಿರುವುದು ಕೊಡಬೇಕು. ನಾಳೆ ತರುತ್ತೇನೆ ಎಂದು ಹೇಳಿ ಹೋದ.

ನಿನ್ನ ಮಾವನಿಗೆ ನಾಳೆಯವರೆಗೆ ತಡೆಯುವ ವ್ಯವಧಾನ ಎಲ್ಲಿದೆ? ಮೆತ್ತಗಿರುವುದು ಎಂದರೆ ಅವರಿಗೆ ಲೋಕದಲ್ಲಿ ರೇಷ್ಮೆ ಬಿಟ್ಟು ಬೇರೆ ಇಲ್ಲ. ಡ್ಯಾಮೇಜಾಗಿ ಉಳಿದಿದ್ದ ಒಂದು ಸೀರೆಯನ್ನು ಎಂಟು ಮಡಿಕೆ ಮಡಿಸಿ ತಟ್ಟೆಯ ಮೇಲಿಟ್ಟು ತಿರುಪು ಬಿಗಿದರು. ನೋಡಲು ಚೆನ್ನಾಗಿಯೇ ಇತ್ತು. ಪಂಚೆ ಎತ್ತಿ ಕಟ್ಟಿ ಕಂಬ ಹಿಡಿದು ಜಗ್ಗಿದರು ನೋಡು, ತಟ್ಟೆ ಸರ್ರನೆ ಜಾರಿತು. ಕಂಬ ವಾಲಿತು. ಹೆಬ್ಬೆರಳುದ್ದ ಗಾರೆ ಕಿತ್ತುಬಂದು ಅವರ ತಲೆಯ ಮೇಲೆ ಬೆಳ್ಳಗೆ ಸುರಿಯಿತು. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಆ ಚೂರುಗಳನ್ನು ಒಂದೊಂದಾಗಿ ಆರಿಸಿ ಕುಂಕುಮದ ಭರಣಿಗೆ ತುಂಬಿದರು. ಭುಜ ಅಲುಗುತ್ತಿತ್ತು, ಅಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಹೋಗಿ ಅನ್ನಕ್ಕಿಟ್ಟೆ.

ಹೀಗೇ ಆಗಿದ್ದೇನೆ ರಮ್ಯ. ನೀರು ಹಿಡಿಯುತ್ತೇನೆ, ಸಾರು ಕುದಿಸುತ್ತೇನೆ, ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತೇನೆ. ಕೈ ಕೆಲಸ ಮಾಡುತ್ತದೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿರುತ್ತೇನೆ. ಪಕ್ಕದ ಮನೆಯ ಚನ್ನಾಜಮ್ಮ 'ಎಂಗ್ ಗಟ್ಟಿಯಾಗವ್ಳೆ ನೋಡು' ಎಂದು ಬೀದಿಯವರಿಗೆಲ್ಲ ನನ್ನನ್ನು ತೋರಿಸುತ್ತಾಳೆ. ಅವಳಿಗೇನು ಗೊತ್ತು, ಹಣೆಬರಹ.

ಮರುದಿನ ಬಂದ ಪುಟ್ಟಸಿದ್ದಯ್ಯ ಸೀಲಿಂಗು ನೋಡಿ ಹಣೆ ಚಚ್ಚಿಕೊಂಡ. 'ರೇಷ್ಮೆ ಜಾರ್ತದೆ ಅಂತ ನಲ್ವತ್ ವರ್ಸ ನೇದ ನಿಂಗೆ ಗಾರೆ ಕೆಲ್ಸದೋನು ಏಳ್ಕೊಡ್ಬೇಕಾ ಚೌಡೇಶಣ್ಣ?' ಎಂದ. ಅವನು ಎರಡಡಿ ಅಗಲದ ಪ್ಲೈವುಡ್ ಹಲಗೆ ತಂದಿದ್ದ. ಅದರ ಮೇಲೆ ದಪ್ಪ ಸ್ಪಂಜಿನ ಶೀಟು, ಅದಕ್ಕೂ ಮೇಲೆ ಲಾರಿ ಟ್ಯೂಬಿನ ರಬ್ಬರು ಅಂಟಿಸಿದ. ಸ್ಪಂಜು ಇದ್ದರೆ ಭಾರ ಒಂದೇ ಗೀರಿನ ಮೇಲೆ ಬೀಳುವುದಿಲ್ಲವಂತೆ, ರಬ್ಬರು ಜಾರುವುದಿಲ್ಲ. ತೂಗುಗುಂಡು ಇಳಿಬಿಟ್ಟು ಕಂಬ ನೆಟ್ಟಗಿದೆಯೇ ಎಂದು ನಾಲ್ಕು ಕಡೆಯಿಂದಲೂ ನೋಡಿ, ಸ್ವಲ್ಪ ಸ್ವಲ್ಪವೇ ಬಿಗಿದ. ಒಂದು ಸಲ ಬಿಚ್ಚಿ ಇಳಿಸಿ ಏಣಿ ಹತ್ತಿ ನೋಡಿದ. ಹೊಸದಾಗಿ ಒಂದು ಗೀರೂ ಮುಕ್ಕಾಗಿರಲಿಲ್ಲ. ಮತ್ತೆ ಬಿಗಿದ.

ಇಬ್ಬರು ಗಂಡಸರೂ ಜಗ್ಗಿದರು. ಅವರು ಟೀ ಕುಡಿಯಲು ಹೊರಗೆ ಹೋದಾಗ ನಾನು ಬಾಗಿಲು ಮುಂದಕ್ಕೆ ಮಾಡಿ, ಸೆರಗು ಸಿಕ್ಕಿಸಿ, ಕಂಬ ಹಿಡಿದು ಎರಡು ಕಾಲನ್ನೂ ನೆಲದಿಂದ ಎತ್ತಿದೆ. ನಗಬೇಡ. ಅಂಗೈ ಬೆವೆತಿತ್ತು. ಮೂರೋ ನಾಲ್ಕೋ ಎಣಿಸುವಷ್ಟು ಹೊತ್ತು. ಕಾಲಿಗೆ ನೆಲ ಸಿಗದೆ ಇರುವುದು ಎಂದರೆ ಹೇಗಿರುತ್ತದೆ ಎಂದು ತಿಳಿಯಬೇಕಿತ್ತು. ಕಂಬ ಅಲ್ಲಾಡಲಿಲ್ಲ.

ಮುಂದಿನ ತಿಂಗಳು ಗಣೇಶನ ವರ್ಷದ ಕಾರ್ಯ. ಬಾ. ಕಾರ್ಯ ಮುಗಿಸಿ ಹೊರಡುವ ನೆಂಟಳ ಹಾಗೆ ಬರಬೇಡ, ಬಟ್ಟೆಬರೆ ತೆಗೆದುಕೊಂಡೇ ಬಾ. ಕೋಣೆ ನಿನ್ನದು, ಕಂಬ ನಿನ್ನದು. ಯಾರಾದರೂ ಏನಾದರೂ ಅಂದರೆ ಉತ್ತರ ನಾನು ಕೊಡುತ್ತೇನೆ, ನನ್ನ ನಾಲಿಗೆ ನಿನಗೆ ಗೊತ್ತಿದೆ. ಬರಲು ಮನಸ್ಸಿಲ್ಲದಿದ್ದರೆ ತಿಳಿಸು, ಪುಟ್ಟಸಿದ್ದಯ್ಯ ಬಿಚ್ಚಿ ಹನೂರಿಗೆ ತಂದು ನಿಲ್ಲಿಸಿಕೊಡುತ್ತಾನಂತೆ. ಆದರೆ ಕೆಳಗಿರುವುದನ್ನು ಓದಿದ ಮೇಲೆ ತೀರ್ಮಾನ ಮಾಡು.

ಹೊಟ್ಟೆ ತುಂಬ ಉಣ್ಣು. ಕೈಕಾಲು ಗಟ್ಟಿಯಾಗಿರಲಿ. ಮಲೆಯ ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅತ್ತೆ
ಅನಸೂಯಮ್ಮ

ವಿ.ಸೂ.: ಮೇಲಿನದನ್ನು ಮಾವನಿಗೆ ಓದಿ ಹೇಳಿದೆ. ಇದನ್ನು ಅವರಿಗೆ ಹೇಳಿಲ್ಲ. ನಿನ್ನ ಕಂಬ ಯಾರನ್ನೂ ನುಂಗಲಿಲ್ಲ ರಮ್ಯ. ಅದು ಬಂದ ದಿನ ಡಬ್ಬದ ಮೇಲಿದ್ದ ತುಂಡುಬಟ್ಟೆ ಹುಡುಗಿಯ ಫೋಟೋ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ಗಣೇಶನಿಗೆ ಫೋನ್ ಮಾಡಿದೆ. 'ಸಾರ್ವೆ ಮ್ಯಾಲಿವ್ನಿ ಕಣಮ್ಮ, ಇಳ್ದು ಮಾಡ್ತೀನಿ' ಅಂದ. 'ಮಡುಗ್ಬ್ಯಾಡ ಫೋನ, ಇದೇನು ಅಂತ ಈಗ್ಲೇ ಏಳು' ಅಂದೆ. ಮಾತಾಡುತ್ತ ಮಾತಾಡುತ್ತ ಅವನ ದನಿ ನಿಂತಿತು. ಸಿಟ್ಟು ಮಾಡಿಕೊಂಡು ಸುಮ್ಮನಾಗಿದ್ದಾನೆ ಎಂದುಕೊಂಡು ನಾನು ಇನ್ನೂ ಬಹಳ ಹೊತ್ತು ಬೈಯುತ್ತಲೇ ಇದ್ದೆ.