ಹತ್ತಕ್ಕೆ ಹತ್ತು ಕೊಟ್ಟ ಗುಳಿಗೆಯ ಕುರಿತು

ಔಷಧ ಉಗ್ರಾಣದ ಅಧಿಕಾರಿಗಳೇ,

ನನ್ನ ಮಗಳು ರಜನಿ ಕಳೆದ ತಿಂಗಳು ಹನ್ನೆರಡು ದಿನ ನಗಲಿಲ್ಲ. ಅದಕ್ಕೆ ಕಾರಣ ತಾವು. ಅರ್ಧ ಕಾರಣ ನಾನು. ಅದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ, ಮೊದಲು ತಮ್ಮ ಪಾಲು ಮುಗಿಯಲಿ.

ರಜನಿಗೆ ಹತ್ತು ವರ್ಷ. ನಾಲ್ಕನೆಯ ಇಯತ್ತೆ. ಕೆಲಗೇರಿಯ ಸಾಲೆಯಲ್ಲಿ ನಾನೇ ಅವಳ ಮಾಸ್ತರ. ಗುಣಾಕಾರ ಶುರುವಾದರೆ ಸಾಕು, ಕೆರೆಯ ಕಡೆ ಕೊಕ್ಕರೆ ಹಾರಬೇಕು, ಇವಳು ಕಿಟಕಿ ಹತ್ತಬೇಕು. ಹೋದ ವರ್ಷ ಇದೇ ಇಯತ್ತೆಯಲ್ಲಿ ನಪಾಸು. ಊರೆಲ್ಲ ಬೆತ್ತ ಶಿಫಾರಸು ಮಾಡಿತು. ಕೇಶ್ವಾಪುರದ ಡಾಕ್ಟರ್ ಖಾದರಬಾಷಾ ಮಾತ್ರ ಇದು ಹಟವಲ್ಲ, ಗಮನ ಒಂದು ಕಡೆ ನಿಲ್ಲದ ತೊಂದರೆ ಎಂದು ಹೇಳಿ ಮಿಥೈಲ್‌ಫೆನಿಡೇಟ್ ಎಂಬ ಗುಳಿಗೆ ಬರೆದುಕೊಟ್ಟರು. ಹುರುಪು ಹೆಚ್ಚಿಸುವ ಗುಳಿಗೆ! ಮಂಗನಿಗೆ ಹೆಂಡ ಕುಡಿಸಿದ ಹಾಗಾದೀತೆಂದು ಹೆದರಿದೆವು. ಆದರೆ ಅವಳು ಗುಣಾಕಾರ ಮುಗಿಸಿದಳು. ಮುಗಿಸಿ, "ಅಪ್ಪಾ, ಕೊಕ್ಕರಿ ಒಂದ ಕಾಲಮ್ಯಾಲ ಯಾಕ ನಿಂದರತೈತಿ?" ಎಂದು ಕೇಳಿದಳು. ನನಗೆ ಬೇಕಾದದ್ದು ಇಷ್ಟೇ.

ಮೂರು ತಿಂಗಳ ಬಳಿಕ ತಮ್ಮ ಉಗ್ರಾಣದ ಕಿಟಕಿಯಿಂದ ಅದರ ಬದಲು ಬೇರೊಂದು ಗುಳಿಗೆ ಬಂತು, ಡೆಕ್ಸಾಂಫೆಟಮಿನ್. ಕೇಳಿದ್ದಕ್ಕೆ ತಾವು ಹೇಳಿದ್ದು ನೆನಪಿದೆಯೇ? "ಹಳೇದು ಖಾಲಿ ಆಗೈತ್ರಿ ಮಾಸ್ತರ. ಅದೂ ಹುರುಪಿನ ಗುಳಿಗಿ, ಇದೂ ಹುರುಪಿನ ಗುಳಿಗಿ. ಅದೂ ಹತ್ತು ಮಿಲಿಗ್ರಾಂ, ಇದೂ ಹತ್ತು. ಏನ್ ಫರಕು?" ಸ್ವಾಮಿ, ತಮ್ಮ ಮನೆಯ ಸಾರಿಗೆ ಹತ್ತು ಬ್ಯಾಡಗಿ ಮೆಣಸಿನಕಾಯಿ ಬೀಳುವಲ್ಲಿ ಬೆಂಕಿಯಂಥ ಹತ್ತು ಲವಂಗಿ ಮೆಣಸಿನಕಾಯಿ ಹಾಕಿಸಿ ಊಟಕ್ಕೆ ಕೂರಿ. ಎಣಿಕೆ ಸರಿಯಿದೆಯಲ್ಲ!

ಹೊಸ ಗುಳಿಗೆಗೆ ರಜನಿ ಬೊಂಬೆಯಾದಳು. ರೊಟ್ಟಿ ಮುಟ್ಟಲಿಲ್ಲ, ಕಿಟಕಿಯ ಕಡೆ ನೋಡಲಿಲ್ಲ. ನನಗೋ ಹಿಗ್ಗು! "ಮಗು ಅತ್ಯಂತ ಶಾಂತವಾಗಿದೆ" ಎಂದು ಬರೆದು, ಸಾಲೆಯ ಠಸ್ಸೆ ಒತ್ತಿ, ತಮಗೊಂದು ಧನ್ಯವಾದ ಪತ್ರವನ್ನೇ ಕಳಿಸಿದೆ. ಇದೇ ನನ್ನ ಪಾಲಿನ ತಪ್ಪು. ಹದಿನೆಂಟು ವರ್ಷ "ಕೈ ಕಟ್ರಿ, ಬಾಯಿಮ್ಯಾಲ ಬೆರಳ ಇಡ್ರಿ" ಎಂದು ಕೂಗಿದವನಿಗೆ ಸುಮ್ಮನೆ ಕುಳಿತ ಮಗುವೇ ಜಾಣ ಮಗು. ನನ್ನ ಹೆಂಡತಿ ಶೇವಂತೆವ್ವ ಸಾಲೆ ಕಲಿತವಳಲ್ಲ. ಹನ್ನೆರಡನೆಯ ದಿನ ಪೊಟ್ಟಣ ಕಸಿದುಕೊಂಡವಳು ಅವಳೇ. "ಶಾಣ್ಯಾಕಿ ಆಗ್ಯಾಳಂತೀರಿ. ಕೂಸು ಒಮ್ಮಿಯರ ನಕ್ಕದ್ದು ನೋಡೀರೇನ್ರಿ?" ಎಂದಳು. ರಜನಿಯನ್ನು ಕರೆದು ಕೇಳಿದೆ. "ಹಳೇ ಗುಳಿಗಿ ತಗೊಂಡ್ರ ಲೆಕ್ಕಾ ಮಾಡ್ತಿದ್ದೆ. ಇದನ್ನ ತಗೊಂಡ್ರ ಸುಮ್ಮನ ಕುಂಡರತೇನಿ, ಅಷ್ಟ" ಎಂದಳು. ನನಗೆ ಅಳು ಬಂತು.

ಡಾಕ್ಟರು ಪೊಟ್ಟಣ ನೋಡಿ ಹಣೆ ಚಚ್ಚಿಕೊಂಡರು. ಈ ಹತ್ತು ಆ ಹತ್ತಿಗಿಂತ ಬಹಳ ಜೋರು, ಗುಳಿಗೆ ಬದಲಾದರೆ ಪ್ರಮಾಣವೂ ಬದಲಾಗಬೇಕು, ಆಗಲೂ ಎಲ್ಲ ಮಕ್ಕಳಿಗೂ ಹೊಂದೀತೆಂಬ ಖಾತ್ರಿಯಿಲ್ಲ ಎಂದರು. ಅದನ್ನು ನಿಲ್ಲಿಸಿ, ಹಳೆಯದನ್ನೇ ತರಿಸಿಕೊಡಿ ಎಂದು ತಮಗೆ ಬರೆದರು. ತಮ್ಮ ಉತ್ತರ: "ಮಗು ಅತ್ಯಂತ ಶಾಂತವಾಗಿದೆ ಎಂದು ಶಾಲೆಯ ದಾಖಲೆ ಇರುವುದರಿಂದ ಬದಲಾವಣೆ ಅನವಶ್ಯಕ." ನನ್ನ ಠಸ್ಸೆಯಿಂದ ನನ್ನ ನೆತ್ತಿಗೇ ಬಾರಿಸಿದಿರಿ. ಭಲೆ!

ಈಗ ಯಾವ ಗುಳಿಗೆಯೂ ಇಲ್ಲ. ರಜನಿ ಮತ್ತೆ ಕಿಟಕಿಯ ಮೇಲಿದ್ದಾಳೆ, ಮನೆ ಹಾರಿಹೋಗುವಂತೆ ನಗುತ್ತಾಳೆ, ಗುಣಾಕಾರ ಮಾತ್ರ ಅರ್ಧಕ್ಕೆ ನಿಂತಿದೆ. ವಾರ್ಷಿಕ ಪರೀಕ್ಷೆಗೆ ಮೂರೇ ವಾರ. ಈ ಸಲವೂ ನಪಾಸಾದರೆ ಸಾಲೆ ಬಿಡಿಸಲು ಮನೆಯ ಹಿರಿಯರು ಕಾದು ಕುಳಿತಿದ್ದಾರೆ. ನಮ್ಮ ಓಣಿಯಲ್ಲಿ ಇದುವರೆಗೆ ಯಾವ ಹೆಣ್ಣುಮಗಳೂ ನಾಲ್ಕನೆಯ ಇಯತ್ತೆ ದಾಟಿಲ್ಲ.

ಆದ್ದರಿಂದ ಹಳೆಯ ಗುಳಿಗೆಯನ್ನು ಈ ವಾರದಲ್ಲೇ ತರಿಸಿ. ಮುಂದೆ ಯಾವ ಮಗುವಿಗೂ ವೈದ್ಯರ ಚೀಟಿಯಿಲ್ಲದೆ ಒಂದರ ಬದಲು ಇನ್ನೊಂದು ಕೊಡಬೇಡಿ. ನನ್ನ ಧನ್ಯವಾದ ಪತ್ರವನ್ನು ಹಿಂದಕ್ಕೆ ಪಡೆದಿದ್ದೇನೆ. ದಾಖಲೆಯಿಲ್ಲದೆ ತಮ್ಮ ಕಚೇರಿ ಉಸಿರಾಡದು, ಹಾಗಾಗಿ ಹೊಸದೊಂದನ್ನು ಲಗತ್ತಿಸಿದ್ದೇನೆ: "ಮಗು ಗದ್ದಲ ಹಾಕುತ್ತಿದೆ. ಹಾಕಲಿ. ಅವಳ ಲೆಕ್ಕ ಮುಗಿಯಬೇಕು." ಠಸ್ಸೆ ಒತ್ತಿದೆ. ಅದರ ಕೆಳಗೆ ರಜನಿಯೂ ತನ್ನ ಹೆಸರು ಬರೆಯಲು ಕುಳಿತಳು. ಎರಡಕ್ಷರ ಆಗುವಷ್ಟರಲ್ಲಿ ಎದ್ದು ಓಡಿದಳು. ಉಳಿದ ಒಂದಕ್ಷರ ತಮ್ಮ ಕೈಯಲ್ಲಿದೆ.

ಇಂತಿ,
ಒಮ್ಮೆ ತಮ್ಮನ್ನು ಹೊಗಳಿ ಕೆಟ್ಟ
ಅರ್ಜುನಪ್ಪ ಮಾಸ್ತರ
ಕೆಲಗೇರಿ, ಮಾರ್ಚ್ ೧೯೬೫